ಕುದುರೆಯಿಂದ ಪಡೆದ ಎರವಲು ರಕ್ಷೆ

ಮೂರು ವರ್ಷಗಳ ಹಿಂದೆ ನಮ್ಮ ದೊಡ್ಡಪ್ಪನವರಿಗೆ ಹೊಲದಲ್ಲಿ ಹಾವು ಕಡಿಯಿತು. ಆಸ್ಪತ್ರೆಯಲ್ಲಿ ಕೊಟ್ಟ ಚುಚ್ಚುಮದ್ದಿನಿಂದ ಬದುಕಿದರು. ಆ ಮದ್ದು ಕುದುರೆಯ ರಕ್ತದಿಂದ ಬಂದುದೆಂದು ಇತ್ತೀಚೆಗೆ ಓದಿ ಮನೆಯಲ್ಲಿ ಹೇಳಿದೆನು. “ಹಾಗಾದರೆ ಕೊರೋನಾ ಬಂದಾಗ ಆ ಕುದುರೆ ಎಲ್ಲಿಗೆ ಹೋಗಿತ್ತಪ್ಪ?” ಎಂದರು ದೊಡ್ಡಪ್ಪ. 2021 ರಲ್ಲಿ ಆ ರೋಗಕ್ಕೆ ಚಿಕ್ಕಪ್ಪನನ್ನು ಕಳೆದುಕೊಂಡ ಮನೆ ನಮ್ಮದು. ಪ್ರಶ್ನೆಯನ್ನು ನಕ್ಕು ಬಿಡುವಂತಿರಲಿಲ್ಲ.

ದೇಹಕ್ಕೆ ನಂಜಾಗಲಿ ರೋಗಾಣುವಾಗಲಿ ಹೊಕ್ಕಾಗ, ಅದನ್ನು ಹಿಡಿದು ನಿಲ್ಲಿಸುವ ಪ್ರತಿಕಾಯಗಳು ರಕ್ತದಲ್ಲಿ ಹುಟ್ಟುತ್ತವೆ. ಒಂದು ಪ್ರಾಣಿಯ ಪ್ರತಿಕಾಯವನ್ನು ಇನ್ನೊಂದಕ್ಕೆ ಕೊಟ್ಟು ರಕ್ಷಿಸಬಹುದೆಂಬುದನ್ನು 1890 ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಗಂಟಲುಮಾರಿಗೆ ಕುದುರೆಯ ರಕ್ತಸಾರವು ಮದ್ದಾಯಿತು. 1901 ರಲ್ಲಿ ವೈದ್ಯಶಾಸ್ತ್ರದ ಮೊದಲ ನೊಬೆಲ್ ಪಾರಿತೋಷಕವು ಬೇರಿಂಗರಿಗೆ ಸಂದಿತು.

ಕೊರೋನಾ ಕಾಲದಲ್ಲಿಯೂ ಕುದುರೆಯನ್ನು ಮರೆತಿರಲಿಲ್ಲ. 2020 ರ ಅಕ್ಟೋಬರಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಹೈದರಾಬಾದಿನ ಬಯಲಾಜಿಕಲ್ ಇ ಸಂಸ್ಥೆಯೊಡನೆ ಇಂಥ ಪ್ರತಿಕಾಯವನ್ನು ಸಿದ್ಧಪಡಿಸಿದುದಾಗಿ ಪ್ರಕಟಿಸಿತು. ಅದೇ ಡಿಸೆಂಬರಿನಲ್ಲಿ ಅರ್ಜೆಂಟೀನಾ ದೇಶವು ತನ್ನ ಕುದುರೆ ಮದ್ದಿಗೆ ಅನುಮತಿ ಕೊಟ್ಟಿತು. ಅಲ್ಲಿಯ ಪರೀಕ್ಷೆಯಲ್ಲಿ ಮದ್ದು ಪಡೆದವರು ಮೊದಲೆರಡು ವಾರಗಳಲ್ಲಿ ಸ್ವಲ್ಪ ಬೇಗ ಚೇತರಿಸಿಕೊಂಡರು. ಆದರೆ 28ನೆಯ ದಿನದ ಹೊತ್ತಿಗೆ, ಮದ್ದಿನಿಂದಲೇ ಗುಣವಾಯಿತೆಂದು ಖಚಿತವಾಗಿ ಹೇಳುವಷ್ಟು ಅಂತರ ಉಳಿಯಲಿಲ್ಲ.

ಇದಕ್ಕೆ ಕಾರಣವೇನು? ಹಾವಿನ ನಂಜು ಮೈಯಲ್ಲಿ ಮರಿ ಹಾಕುವುದಿಲ್ಲ, ಒಳಹೊಕ್ಕಷ್ಟೇ ಇರುತ್ತದೆ. ವೈರಾಣುವಾದರೋ ಜೀವಕೋಶದೊಳಕ್ಕೆ ನುಗ್ಗಿ ಅಲ್ಲಿ ಬೆಳೆಯುತ್ತದೆ. ಹೊರಗಿರುವಾಗ ಮಾತ್ರ ಅದು ಪ್ರತಿಕಾಯಕ್ಕೆ ಸುಲಭವಾಗಿ ಸಿಕ್ಕೀತು. ಉಸಿರು ಕಟ್ಟುವ ವೇಳೆಗೆ ಶ್ವಾಸಕೋಶವನ್ನು ಕೆಡಿಸುತ್ತಿರುವುದು ಬಹುಮಟ್ಟಿಗೆ ದೇಹದ ಸ್ವಂತ ಉರಿಯೂತವೇ.

ಇನ್ನೊಂದು ತೊಡಕುಂಟು. ಕುದುರೆಯ ಪ್ರತಿಕಾಯವು ನಮ್ಮ ಮೈಗೆ ಪರಕೀಯ ವಸ್ತು. ಅದರಿಂದ ಜ್ವರ, ದದ್ದು, ಕೀಲುನೋವು ಬರುವುದುಂಟು. ಆದುದರಿಂದ ಈಗ ಪೆಪ್ಸಿನ್ನಿನಿಂದ ಪ್ರತಿಕಾಯದ ಬಾಲವನ್ನು ಕತ್ತರಿಸಿ, ಹಿಡಿಯುವ ಕೈಗಳನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಇಲಿಯ ಪ್ರತಿಕಾಯವನ್ನು ಬಹುಪಾಲು ಮನುಷ್ಯರದರಂತೆ ಮಾರ್ಪಡಿಸಿದ ಪಾಲಿವಿಜುಮ್ಯಾಬ್ ಎಂಬ ಮದ್ದಿಗೆ 1998 ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ದಿನ ತುಂಬದೆ ಹುಟ್ಟಿದ ಶಿಶುಗಳನ್ನು ಆರ್‌ಎಸ್‌ವಿ ಎಂಬ ಶ್ವಾಸಕೋಶದ ವೈರಾಣುವಿನಿಂದ ಕಾಪಾಡಲು ಅದನ್ನು ಕೊಟ್ಟರು. ಗಮನಿಸಬೇಕಾದುದೇನೆಂದರೆ, ಅದನ್ನು ಕೊಟ್ಟದ್ದು ರೋಗ ಬಂದ ಮೇಲಲ್ಲ, ಬರುವುದಕ್ಕೆ ಮುಂಚೆ, ಅದೂ ತಿಂಗಳಿಗೊಮ್ಮೆ. ಎರವಲು ತಂದ ಒಡವೆಯನ್ನು ಮದುವೆ ಮುಗಿದ ಮೇಲೆ ಹಿಂದಿರುಗಿಸಬೇಕಷ್ಟೆ. ಎರವಲು ಪಡೆದ ರಕ್ಷೆಯೂ ಬಹುಕಾಲ ನಿಲ್ಲದು. ಸ್ವಂತ ರಕ್ಷೆಯನ್ನು ಬೆಳೆಸುವ ಲಸಿಕೆಗೆ ಅದು ಬದಲಿಯಲ್ಲ.

ಇದನ್ನೆಲ್ಲ ವಿವರಿಸಿ, “ಕುದುರೆ ಬಂದಿತ್ತು ದೊಡ್ಡಪ್ಪ, ಆದರೆ ಬೇಗ ಕರೆದರೆ ಮಾತ್ರ ಅದರಿಂದ ಪ್ರಯೋಜನ,” ಎಂದೆನು. ಅವರು ಕ್ಷಣಕಾಲ ಸುಮ್ಮನಿದ್ದು, “ಹಾವು ಕಡಿದಾಗಲೂ ಡಾಕ್ಟರು ಅದನ್ನೇ ಹೇಳಿದ್ದರು, ಹೊತ್ತು ಮೀರಬಾರದು ಅಂತ,” ಎಂದರು. ಇಷ್ಟು ಓದಿ ನಾನು ತಿಳಿದುದರ ಸಾರವೂ ಅದೇ.