ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಕೈತೋಟ

ಮುಂಬಯಿಯ ಸಯನ್‌ನಂತಹ ದಟ್ಟ ಜನವಸತಿಯ ಬಡಾವಣೆಗಳಲ್ಲಿ ಮನೆಯಂಗಳ ದುರ್ಲಭ. ಅಲ್ಲಿನ ಅನೇಕ ಬಾಡಿಗೆ ಕರಾರುಗಳ ಅವಧಿ 11 ತಿಂಗಳು ಮಾತ್ರ. ಆದುದರಿಂದ ಬಾಡಿಗೆದಾರರ ಕೈತೋಟವು ಹಗುರವಾಗಿಯೂ ಸುಲಭವಾಗಿ ಸಾಗಿಸುವಂತೆಯೂ ಇರಬೇಕು. ಮನೆಯೊಡೆಯರ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಉಚಿತ.

ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ತೊಯ್ದ ಮಣ್ಣು ಅದಕ್ಕಿಂತಲೂ ಭಾರ. ಹಳೆಯ ಕಟ್ಟಡಗಳ ಹೊರಚಾಚಿದ ಬಾಲ್ಕನಿಗಳಿಗೆ ಅತಿಭಾರ ಅಪಾಯಕಾರಿ. ಮಣ್ಣಿಗೆ ತೆಂಗಿನ ನಾರಿನ ಪುಡಿ ಮತ್ತು ಎಲೆಗೊಬ್ಬರ ಬೆರೆಸಿ, ತಳದಲ್ಲಿ ರಂಧ್ರಗಳಿರುವ ಪ್ಲಾಸ್ಟಿಕ್ ಕುಂಡಗಳಲ್ಲಿ ತುಂಬಬೇಕು. ಅವುಗಳನ್ನು ಕಟಕಟೆಯ ಮೇಲಿಡದೆ, ಮನೆಯ ಗೋಡೆಗೆ ಹತ್ತಿರವಾಗಿ ನೆಲದ ಮೇಲಿಡುವುದು ಕ್ಷೇಮ.

ಮೆಂತ್ಯ, ಹರಿವೆ ಸೊಪ್ಪುಗಳು ಸುಮಾರು ಒಂದು ತಿಂಗಳಲ್ಲಿ ಕೊಯ್ಲಿಗೆ ಬರುತ್ತವೆ. ದೊಡ್ಡಪತ್ರೆ, ಪುದೀನ, ಬಸಳೆಗಳು ತುಂಡು ಕಾಂಡದಿಂದಲೇ ಚಿಗುರುತ್ತವೆ. ಮನೆ ಬದಲಿಸುವಾಗ ಕುಂಡವನ್ನು ಒಯ್ಯಲಾಗದಿದ್ದರೂ ಒಂದೆರಡು ಕಡ್ಡಿಗಳನ್ನು ಕೊಂಡೊಯ್ದರೆ ಹೊಸ ಮನೆಯಲ್ಲಿ ತೋಟ ಮತ್ತೆ ಚಿಗುರುವುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ ಸಾಮಾನ್ಯವಾಗಿ 2,000 ಮಿಲಿಮೀಟರಿಗೂ ಅಧಿಕ ಮಳೆ ಬೀಳುತ್ತದೆ. ಕೆಳಮನೆಗೆ ಕೆಸರು ಸೋರದಂತೆ ಕುಂಡದಡಿ ತಟ್ಟೆಯಿಡುವುದು ವಾಡಿಕೆ. ಆದರೆ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯು ಇಂತಹ ತಟ್ಟೆಗಳಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳು ಸಾಕು. ಅದರ ಮೊಟ್ಟೆಗಳು ಒಣಗಿದ ಅಂಚಿನಲ್ಲಿಯೂ ತಿಂಗಳುಗಟ್ಟಲೆ ಜೀವದಿಂದಿರಬಲ್ಲವು. ಆದುದರಿಂದ ನೀರು ಚೆಲ್ಲಿದರಷ್ಟೇ ಸಾಲದು. ವಾರಕ್ಕೊಮ್ಮೆ ತಪ್ಪದೆ ತಟ್ಟೆಗಳನ್ನು ಉಜ್ಜಿ ತೊಳೆದು ಒಣಗಿಸಬೇಕು. ಒಂದು ಮನೆಯ ಹಸಿರು ನೆರೆಮನೆಯ ಜ್ವರಕ್ಕೆ ಕಾರಣವಾಗಬಾರದು.