ಬಂಕಾಪುರದ ತೋಳ, ರೀಲ್ಸಿನ ಆಲ್ಫಾ

ಹಾಸ್ಟೆಲಲ್ಲಿ ಯಾರ ಫೋನ್ ನೋಡಿದರೂ ಈ ರೀಲ್ ಬಂದೇ ಬರುತ್ತೆ: ತೋಳದ ಫೋಟೋ, ಹಿಂದೆ ದಪ್ಪ ದನಿ, 'ಆಲ್ಫಾ ಆಗು, ಯಾರನ್ನೂ ನಂಬಬೇಡ' ಅನ್ನೋ ಉಪದೇಶ. ಪಾಪ, ತೋಳಕ್ಕೆ ಇದ್ಯಾವುದೂ ಗೊತ್ತಿಲ್ಲ.

ನಮ್ಮ ಕೊಪ್ಪಳ ಜಿಲ್ಲೆಯಲ್ಲೇ, ಗಂಗಾವತಿ ಕಡೆಯ ಬಂಕಾಪುರದ ಕುರುಚಲು ಕಾಡಲ್ಲಿ, ತೋಳಗಳಿಗೆ ಅಂತಲೇ ಕಾದಿಟ್ಟ ಜಾಗ ಇದೆ. ಕುಷ್ಟಗಿ, ಯಲಬುರ್ಗಾ ಕಡೆಯ ಕುರಿಗಾರರನ್ನ ಕೇಳಿ, 'ತ್ವಾಳ'ದ ಕಥೆ ಅವರೇ ಹೇಳ್ತಾರೆ.

'ಆಲ್ಫಾ' ಅನ್ನೋ ಮಾತು ಬಂದಿದ್ದು ಮೃಗಾಲಯದಿಂದ. 1947ರಲ್ಲಿ ರುಡಾಲ್ಫ್ ಶೆಂಕೆಲ್, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕೂಡಿಹಾಕಿದ್ದ ತೋಳಗಳ ಜಗಳ ನೋಡಿ ಬರೆದರು. ಹತ್ತು ಜನರನ್ನ ಒಂದೇ ರೂಮಿಗೆ ಹಾಕಿ ಬೀಗ ಜಡಿದರೆ ನಾವೂ ಜಗಳ ಆಡ್ತೀವಿ ಬಿಡಿ. 1970ರಲ್ಲಿ ಡೇವಿಡ್ ಮೆಕ್ ಅವರ ಪುಸ್ತಕ ಈ ಮಾತನ್ನ ಎಲ್ಲ ಕಡೆ ಹಬ್ಬಿಸಿತು. ಆಮೇಲೆ ಅದೇ ಮೆಕ್ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ವರ್ಷಗಟ್ಟಲೆ ಕಾಡಿನ ತೋಳಗಳ ಹತ್ತಿರವೇ ಕೂತು ನೋಡಿದರು. 1999ರಲ್ಲಿ ಬರೆದರು: ತೋಳದ ಹಿಂಡು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ತಮ್ಮ ಹಳೇ ಪುಸ್ತಕದ ಮುದ್ರಣ ನಿಲ್ಲಿಸಿ ಅಂತ ಪ್ರಕಾಶಕರನ್ನೂ ಕೇಳಿಕೊಂಡರು. ಇದು ನನಗೆ ತುಂಬಾ ದೊಡ್ಡ ವಿಷಯ ಅನ್ನಿಸುತ್ತೆ.

ಮರಿಗಳು ಹುಟ್ಟುವಾಗ ಕಣ್ಣೂ ಕಾಣಲ್ಲ, ಕಿವಿಯೂ ಕೇಳಲ್ಲ. ತಾಯಿ ಗವಿ ಬಿಟ್ಟು ದೂರ ಹೋಗೋ ಹಾಗಿಲ್ಲ. ಆಗ ಅಪ್ಪ ಬೇಟೆಯಾಡಿ, ಮಾಂಸವನ್ನ ಹೊಟ್ಟೆಯಲ್ಲೇ ಹೊತ್ತು ತರುತ್ತೆ. ಸ್ವಲ್ಪ ಬೆಳೆದ ಮರಿಗಳು ಅದರ ಮೂತಿ ನೆಕ್ಕಿದರೆ ಕಕ್ಕಿ ಕೊಡುತ್ತೆ. (ನಾಯಿ ನಮ್ಮ ಮುಖ ನೆಕ್ಕೋದು ಇದೇ ಅಭ್ಯಾಸದ ಉಳಿಕೆ ಅಂತಾರೆ.) ಹಿಂದಿನ ವರ್ಷದ ಅಣ್ಣ ಅಕ್ಕಂದಿರೂ ಊಟ ತರ್ತಾರೆ, ಮರಿ ಕಾಯ್ತಾರೆ. ಒಂದೆರಡು ವರ್ಷ ಆದ ಮೇಲೆ ಮನೆ ಬಿಟ್ಟು ಜೋಡಿ ಹುಡುಕಿಕೊಳ್ತಾರೆ.

ಈಗ ನಮ್ಮ ಕಡೆ ಬರೋಣ. ವಿಕಾಸದಲ್ಲಿ ನಮಗೆ ಹತ್ತಿರದ ನೆಂಟ ಚಿಂಪಾಂಜಿ, ತೋಳ ತುಂಬಾ ದೂರ. ಆದರೆ ಚಿಂಪಾಂಜಿ ತಾಯಿ ಹಸುಗೂಸನ್ನ ಯಾರ ಕೈಗೂ ಕೊಡಲ್ಲ, ಅಪ್ಪ ಊಟ ತಂದುಕೊಡಲ್ಲ. ನಾಲ್ಕೈದು ವರ್ಷ ಅವಳೊಬ್ಬಳೇ ಹಾಲು ಕುಡಿಸಿ ಸಾಕಬೇಕು. ಮನುಷ್ಯರ ಕೂಸು ಹುಟ್ಟುವಾಗ ಮೆದುಳು ದೊಡ್ಡವರದರ ಮೂರನೇ ಒಂದು ಭಾಗಕ್ಕೂ ಕಮ್ಮಿ. ಅದು ಬೆಳೆಯೋಕೆ ವರ್ಷಗಟ್ಟಲೆ ಊಟ ಬೇಕು, ಅಷ್ಟರಲ್ಲಿ ಇನ್ನೊಂದು ಮಗು ಹುಟ್ಟಿರುತ್ತೆ. ಒಬ್ಬ ತಾಯಿಯಿಂದ ಆಗದ ಕೆಲಸ. ಅಪ್ಪ, ಅಜ್ಜಿ, ಅಕ್ಕ, ದೊಡ್ಡಮ್ಮ ಎಲ್ಲರೂ ಕೈ ಹಾಕಿದ್ದಕ್ಕೇ ನಾವು ಉಳಿದ್ವಿ ಅಂತ ಸಾರಾ ಹರ್ಡಿ 2009ರ ತಮ್ಮ ಪುಸ್ತಕದಲ್ಲಿ ವಾದ ಮಾಡ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಲೋಡ್ ಒಂದೇ ಥರ ಇದ್ದಿದ್ದಕ್ಕೆ ಎರಡು ಬೇರೆ ಪ್ರಾಣಿಗಳ ಡಿಸೈನ್ ಒಂದೇ ಥರ ಆಯ್ತು.

ಹಾಗಂತ ತೋಳವೇನು ಸಾಧು ಅಲ್ಲ. ನಮ್ಮ ಭಾಗದಲ್ಲಿ ಆ ಅಪ್ಪ ತರೋ ಮಾಂಸ ಎಷ್ಟೋ ಸಲ ಯಾರದೋ ಕುರಿಮರಿ. ಕುರಿಗಾರನ ಮನೇಲೂ ಫೀಸ್ ಕಟ್ಟಬೇಕಾದ ಮಕ್ಕಳಿದ್ದಾರೆ. ಪರಿಹಾರದ ದುಡ್ಡು ತಡವಾದರೆ ಅವನ ಸಿಟ್ಟು ಸುಳ್ಳಲ್ಲ. ಆದರೆ ಮರಿ ಹಾಕಿದ ಹೊತ್ತಲ್ಲಿ ಅಪ್ಪ ತೋಳ ಸತ್ತರೆ, ಅದು ಹೊಸ ಜೋಡಿಯಾಗಿದ್ದರೆ, ಊಟ ತರೋಕೆ ಅಣ್ಣ ಅಕ್ಕನೂ ಇರಲ್ಲ. ತಾಯಿ ಕಣ್ಣು ಬಿಡದ ಮರಿಗಳನ್ನ ಬಂಡೆ ಸಂದಿಯಲ್ಲಿ ಬಿಟ್ಟು ತಾನೇ ಬೇಟೆಗೆ ಹೋಗಬೇಕು.