ಚಳಿಗಾಲದ ಕರುವಿಗೆ ಕಂದು ಕೊಬ್ಬಿನ ಆಸರೆ



ಕೊಬ್ಬು ಎಂದೊಡನೆ ನಿಮಗೆ ನೆನಪಾಗುವುದು ಸಂಘದಲ್ಲಿ ನೋಡುವ ಹಾಲಿನ ಫ್ಯಾಟ್ ಮತ್ತು ಅದಕ್ಕೆ ಸಿಗುವ ದರ. ಧನುರ್ಮಾಸದ ಬೆಳಗಿನ ಜಾವ ಹುಟ್ಟುವ ಕರುವಿಗಾದರೋ ಕೊಬ್ಬೇ ಜೀವ. ತಾಯಿಯ ಗರ್ಭದಲ್ಲಿ ಬೆಚ್ಚಗಿದ್ದ ಕರು ಒದ್ದೆ ಮೈಯಲ್ಲೇ ಕೊರೆಯುವ ಗಾಳಿಗೆ ಬಂದು ಬೀಳುತ್ತದೆ. ದೊಡ್ಡ ಹಸುವಿಗೆ ಹೊಟ್ಟೆಯಲ್ಲಿ ಮೇವು ಹುದುಗುವಾಗಲೇ ಶಾಖ ಹುಟ್ಟುವುದರಿಂದ ನಮ್ಮ ಕಡೆಯ ಚಳಿ ಅದಕ್ಕೆ ಅಷ್ಟಾಗಿ ತಾಗದು. ಕರುವಿನ ಮೆಲುಕು ಚೀಲ ಇನ್ನೂ ಕೆಲಸಕ್ಕೆ ಬಂದಿರುವುದಿಲ್ಲ. ಗಾಳಿಯ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಮೈ ಕಾಯಿಸಿಕೊಳ್ಳಲು ಹೆಚ್ಚು ಶಕ್ತಿ ಖರ್ಚು ಮಾಡಬೇಕಾಗುತ್ತದೆ.

ಇದಕ್ಕೆಂದೇ ಕರು ಹುಟ್ಟುವಾಗ ಮೂತ್ರಪಿಂಡಗಳ ಸುತ್ತಲೂ ಮತ್ತು ಇನ್ನು ಕೆಲವೆಡೆ ಸ್ವಲ್ಪ ಕಂದು ಬಣ್ಣದ ಕೊಬ್ಬನ್ನು ತಂದಿರುತ್ತದೆ. ಬಿಳಿ ಕೊಬ್ಬು ಕಣಜವಿದ್ದಂತೆ, ಕೂಡಿಡುವುದಷ್ಟೇ ಅದರ ಕೆಲಸ. ಕಂದು ಕೊಬ್ಬು ಒಲೆಯಿದ್ದಂತೆ. ಚರ್ಮಕ್ಕೆ ಚಳಿ ತಾಗಿದ ಸುದ್ದಿ ಮೆದುಳಿಗೆ ಮುಟ್ಟಿದಾಗ ನರಗಳು ಈ ಕೊಬ್ಬಿನಲ್ಲಿ ನಾರ್‌ಅಡ್ರಿನಾಲಿನ್ ಎಂಬ ರಸವನ್ನು ಬಿಡುತ್ತವೆ. ಆಗ ಕೊಬ್ಬು ಒಡೆದು ಕೊಬ್ಬಿನಾಮ್ಲಗಳು ಹೊರಬರುತ್ತವೆ. ಸ್ವಾರಸ್ಯವಿರುವುದು ಇಲ್ಲಿಯೇ. ಈ ಆಮ್ಲಗಳು ಉರಿಯುವ ಸೌದೆಯೂ ಹೌದು, ಒಲೆ ಹೊತ್ತಿಸುವ ಕಡ್ಡಿಯೂ ಹೌದು. ಜೀವಕೋಶದೊಳಗಿನ ಒಂದು ವಿಶೇಷ ಸಸಾರಜನಕವನ್ನು ಅವು ಎಚ್ಚರಿಸುತ್ತವೆ. ಆಗ ಶಕ್ತಿಯು ಬೇರೆ ಕೆಲಸಕ್ಕೆ ಹೋಗದೆ ನೇರವಾಗಿ ಶಾಖವಾಗುತ್ತದೆ.

ಕೊಬ್ಬಿನಿಂದ ಹುಟ್ಟಿದ ವಸ್ತುಗಳು ರಕ್ತದಲ್ಲಿ ಹರಿದು ಸಂದೇಶ ಮುಟ್ಟಿಸುವುದೂ ಉಂಟು. ಅಮೆರಿಕದ ಜೋಸ್ಲಿನ್ ಮಧುಮೇಹ ಕೇಂದ್ರದ ವಿಜ್ಞಾನಿಗಳು 2017ರಲ್ಲಿ ಅಂತಹ ಒಂದನ್ನು ಗುರುತಿಸಿದರು. ಚಳಿಯಲ್ಲಿ ಕುಳಿತ ಮನುಷ್ಯರಲ್ಲೂ ಇಲಿಗಳಲ್ಲೂ ಅದು ಹೆಚ್ಚಿತು. ಇಲಿಗಳಲ್ಲಿ ಅದು ಕಂದು ಕೊಬ್ಬಿಗೆ ರಕ್ತದಿಂದ ಇನ್ನಷ್ಟು ಸೌದೆ ಎಳೆದುಕೊಳ್ಳುವಂತೆ ಮಾಡಿತು. ಅದು ತಯಾರಾಗುವುದು ಎಣ್ಣೆಕಾಳುಗಳಲ್ಲಿರುವ ಲಿನೋಲಿಕ್ ಆಮ್ಲದಿಂದ. ಹಾಗೆಂದು ಕರುವಿಗೆ ಎಣ್ಣೆ ಹೊಯ್ಯಲು ಹೋಗಬೇಡಿ, ಭೇದಿ ಹತ್ತೀತು!

ಕರು ತಂದ ಈ ಕೊಬ್ಬು ಬಹಳ ಕಡಿಮೆ. ಹೊಟ್ಟೆಗೆ ಏನೂ ಬೀಳದಿದ್ದರೆ ಕಡು ಚಳಿಯಲ್ಲಿ ಒಂದು ದಿನವೂ ಬಾರದು. ಆ ಒಲೆಗೆ ಮುಂದಿನ ಸೌದೆ ಗಿಣ್ಣು ಹಾಲು. ಅದರಲ್ಲಿ ಕೊಬ್ಬು, ಸಸಾರಜನಕ, ರೋಗನಿರೋಧಕ ಅಂಶ ಎಲ್ಲವೂ ಇವೆ. ಹೀಗಿದ್ದೂ ಮಾಸು ಬೀಳುವವರೆಗೆ ಗಿಣ್ಣು ಕುಡಿಸಬಾರದೆಂಬ ನಂಬಿಕೆ ಹಲವು ಮನೆಗಳಲ್ಲಿ ಇನ್ನೂ ಇದೆ. ಇದು ಶುದ್ಧ ತಪ್ಪು. ಕರು ಮೊಲೆ ಚೀಪಿದರೆ ಗರ್ಭಕೋಶ ಸಂಕುಚಿಸಿ ಮಾಸು ಬೀಳಲು ಸಹಾಯವೇ ಆಗುತ್ತದೆ. ಹುಟ್ಟಿದ ಒಂದು ಗಂಟೆಯೊಳಗೆ ಮೊದಲ ಗಿಣ್ಣು ಕೊಡಿ. 25 ಕಿಲೋ ತೂಕದ ಕರುವಿಗೆ ಮೊದಲ ದಿನ ಎರಡೂವರೆ ಲೀಟರಿನಷ್ಟಾದರೂ ಸೇರಬೇಕು. ನೆರೆಮನೆಗೆ ಗಿಣ್ಣು ಹಂಚುವುದೇನಿದ್ದರೂ ಕರುವಿನ ಪಾಲು ಮುಗಿದ ಮೇಲೆ.

ತಾಯಿ ನೆಕ್ಕಲು ಬಿಡಿ, ಬಳಿಕ ಒಣ ಗೋಣಿಚೀಲದಿಂದ ಮೈ ಚೆನ್ನಾಗಿ ಉಜ್ಜಿ. ಮೈ ಒದ್ದೆಯಿದ್ದರೆ ಹುಟ್ಟಿದ ಶಾಖವೆಲ್ಲ ಸೋರಿಹೋಗುತ್ತದೆ. ಬರಿಯ ಕಲ್ಲು ಚಪ್ಪಡಿಯ ಮೇಲೆ ಮಲಗಿಸದೆ ದಪ್ಪಗೆ ಒಣಹುಲ್ಲು ಹಾಸಿ.

ಕರು ಏಳದೆ ಮಂಕಾಗಿದ್ದರೆ ಬಾಯೊಳಗೆ ಬೆರಳಿಟ್ಟು ನೋಡಿ. ಬಾಯಿ ತಣ್ಣಗಿದ್ದು ಬೆರಳನ್ನು ಚೀಪದಿದ್ದರೆ ಒಲೆ ಆರುತ್ತಿದೆಯೆಂದು ತಿಳಿಯಿರಿ. ಅಂತಹ ಕರುವಿಗೆ ಬಲವಂತವಾಗಿ ಹಾಲು ಹೊಯ್ದರೆ ಶ್ವಾಸಕೋಶಕ್ಕೆ ಹೋದೀತು. ಮೊದಲು ಕಂಬಳಿ ಹೊದಿಸಿ, ಬೆಚ್ಚಗಿನ ಜಾಗಕ್ಕೆ ಸೇರಿಸಿ, ತಡಮಾಡದೆ ಪಶುವೈದ್ಯರಿಗೆ ಹೇಳಿ ಕಳುಹಿಸಿ.